ಕುಕ್ಕರ್ ಆರುವಷ್ಟು ಹೊತ್ತು

ಮಿಯಾಪುರ, ಹೈದರಾಬಾದ್
ಶನಿವಾರ, 19 ಏಪ್ರಿಲ್ 2025

ಪ್ರೀತಿಯ ಅವ್ವಾ,

ಹೇಗಿದ್ದೀ? ಬೀದರಿನ ಬಿಸಿಲಿಗೆ ನಿನ್ನ ಅರೆತಲೆನೋವು ಮತ್ತೆ ಎದ್ದಿತೇ ಅಥವಾ ಅದನ್ನೂ ಇಲ್ಲೇ ಬಿಟ್ಟು ಹೋಗಿದ್ದೀಯಾ? ತುಳಸಾಬಾಯಿ ದೊಡ್ಡಮ್ಮ ಚಹಕ್ಕೆ ಸಕ್ಕರೆ ಸುರಿಯುವ ಕೈ ಹಿಡಿಯುವವರು ಯಾರಾದರೂ ಇದ್ದಾರೆಯೇ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪತ್ರಗಳ ಸಂಪ್ರದಾಯ. ಆದರೆ ಡಿಸೆಂಬರಿನಿಂದ ಈ ಮನೆಯ ಅಡುಗೆ, ಬಟ್ಟೆ, ಅಜ್ಜಿಯ ಗುಳಿಗೆ ಇತ್ಯಾದಿ ಖಾತೆಗಳನ್ನು ಹೆಚ್ಚುವರಿಯಾಗಿ ಹೊತ್ತಿರುವ ನಾನು ಪರಿಶೀಲಿಸದೆ ಸಹಿ ಹಾಕಲಾರೆ. ತುಳಸಿ ಬದುಕಿದೆ. ಕರಿಬೇವು ದೀರ್ಘಕಾಲದ ಅಸ್ವಸ್ಥತೆಯ ನಂತರ ಹೋಳಿ ಹುಣ್ಣಿಮೆಯಂದು ತೀರಿಕೊಂಡಿತು, ಅಂತಿಮ ದರ್ಶನಕ್ಕೆ ಯಾರೂ ಬರಲಿಲ್ಲ. ಅಪ್ಪ ಮೂರು ಕೆಜಿ ಇಳಿದಿದ್ದಾರೆ. ವಾಕಿಂಗ್ ಮಾಡಿ ಇಳಿದೆ ಎನ್ನುತ್ತಾರೆ, ನನ್ನ ಸಾರು ಉಂಡು ಇಳಿದದ್ದು ಎಂದು ನನಗೆ ಗೊತ್ತು. ಅಜ್ಜಿಯ ಬಿ.ಪಿ. ಸರಿಯಿದೆ, ಉಳಿದದ್ದು ಮುಂದೆ ಬರೆಯುತ್ತೇನೆ. ನನ್ನ ಬಿ.ಕಾಂ. ಹಾಜರಾತಿಯ ಬಗ್ಗೆ ಕಾಲೇಜಿನವರು ಅಪ್ಪನಿಗೆ ಫೋನ್ ಮಾಡಿದ್ದರು. ಪುಣ್ಯಕ್ಕೆ ಅಪ್ಪನ ಫೋನ್ ಆಗ ನನ್ನ ಕೈಯಲ್ಲಿತ್ತು, ಅಪ್ಪ ಅತ್ಯಂತ ಗಂಭೀರವಾದ ಧ್ವನಿಯಲ್ಲಿ ವಿಷಾದ ವ್ಯಕ್ತಪಡಿಸಿದರು.

ಈ ಪತ್ರವೂ ಅವರ ಆಜ್ಞೆಯೇ. "ನೀ ಛಂದ ಬರೀತಿ. ಅಕಿಗೆ ನಗು ಬರೂ ಹಂಗ ಬರಿ. ನಕ್ಕಳಂದ್ರ ಬರ್ತಾಳ" ಅಂದರು. ಫೋನಿನಲ್ಲಿ ಆಗುವ ಕೆಲಸವಲ್ಲ ಇದು. ಫೋನಿನಲ್ಲಿ ನೀನು ಉಂಡಿಯೇನು ಎನ್ನುತ್ತೀ, ನಾನು ಉಂಡೆ ಎನ್ನುತ್ತೇನೆ, ಇಬ್ಬರೂ ಉಸಿರು ಬಿಡುತ್ತೇವೆ, ಮುಗಿಯಿತು. ಬರೆದದ್ದನ್ನು ಅಪ್ಪ ತಪಾಸಣೆ ಮಾಡುತ್ತಾರೆಂಬ ಭಯ ನಿನಗೆ ಬೇಡ, ಈ ಮನೆಯಲ್ಲಿ ಮೊಬೈಲ್ ಪರದೆಗಿಂತ ಉದ್ದವಾದದ್ದನ್ನು ಯಾರೂ ಓದುವುದಿಲ್ಲ. ಕೆಳಗಿನ ಮಹಡಿಯ ತಿಪ್ಪೇಸ್ವಾಮಿ ಅಂಕಲ್ ಮೂರು ಗಂಟೆಗೆ ಬೀದರಿಗೆ ಕಾರು ತೆಗೆಯುತ್ತಾರೆ. ಅವರ ಕೈಯಲ್ಲಿ ಕೊಡುತ್ತೇನೆ, ಸಂಜೆಗೆ ನಿನಗೆ ಮುಟ್ಟುತ್ತದೆ.

ಅವ್ವ, ನಿನ್ನ ಡೈರಿ ನನ್ನ ಹತ್ತಿರ ಇದೆ. ಅಪ್ಪ ಅದನ್ನು ಅಟ್ಟದ ಮೇಲೆ, ಹಳೆಯ ಕೂಲರಿನ ಹುಲ್ಲಿನ ಪರದೆಗಳ ಹಿಂದೆ ಇಟ್ಟಿದ್ದರು. ಕುರ್ಚಿಯ ಮೇಲೆ ಸ್ಟೂಲ್ ಹಾಕಿ, ಸ್ಟೂಲಿನ ಮೇಲೆ ನನ್ನನ್ನು ಹಾಕಿ, ಇಳಿಸಿಕೊಂಡೆ. ಪ್ರತಿ ವರ್ಷ ಅಪ್ಪನ ಫ್ಯಾಕ್ಟರಿಯಿಂದ ಬರುವ ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತೀ ಎಂದೇ ಎಲ್ಲರೂ ತಿಳಿದಿದ್ದರು. ನನ್ನ ಏಳನೇ ತರಗತಿಯ ಬಣ್ಣದ ಡಬ್ಬಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಮೂರನೇ ಸೀಟಿ ಆಗಿ ಗ್ಯಾಸ್ ಬಂದ್ ಮಾಡಿದ ಮೇಲೆ ಕುಕ್ಕರ್ ಆರಲು ಹತ್ತು ಹನ್ನೆರಡು ನಿಮಿಷ ಬೇಕು. ಆ ಹೊತ್ತಿನಲ್ಲಿ ಮಾತ್ರ ನೀನು ಒಲೆಯ ಪಕ್ಕದ ಕಟ್ಟೆಯ ಮೇಲೆ ಡೈರಿ ಬಿಚ್ಚುತ್ತಿದ್ದೆ. ಮುಚ್ಚಳ ಸಡಿಲಾಯಿತೆಂದರೆ ಕುಂಚ ತೊಳೆದು, ಅದೇ ಕೈಯಿಂದ ಬೇಳೆ ಕಡೆಯುತ್ತಿದ್ದೆ. ಹೀಗಾಗಿ ನಿನ್ನ ಚಿತ್ರಗಳೆಲ್ಲ ಒಂದು ಕುಕ್ಕರಿನಷ್ಟೇ ಇವೆ, ಯಾವುದೂ ಎರಡು ಕುಕ್ಕರ್ ಹಿಡಿದಿಲ್ಲ.

ನಿನ್ನೆ ಮಧ್ಯಾಹ್ನ ಕುಳಿತು ಇಡೀ ವರ್ಷ ತಿರುವಿದೆ. ಕಳೆದ ಏಪ್ರಿಲಿನಲ್ಲಿ ಮಾರ್ಕೆಟ್ಟಿನವನು ದೊಡ್ಡ ಕತ್ತಿ ಎತ್ತಿ ಉಪ್ಪಿನಕಾಯಿಗೆ ಮಾವು ಕಡಿಯುತ್ತಿದ್ದಾನೆ, ಅವನ ಮುಖದಲ್ಲಿ ಕೊಲೆಗಾರನ ಕಳೆಯಿದೆ. ಮೇ ತಿಂಗಳಿಗೆ ಹಳದಿ ಬಣ್ಣ ಮುಗಿದು ಅಲ್ಲಿಂದ ಮುಂದೆ ಅರಿಶಿಣ ಹಚ್ಚಿದ್ದೀ, ಆ ಹಾಳೆಗಳಿಂದ ಈಗಲೂ ಒಗ್ಗರಣೆ ವಾಸನೆ ಬರುತ್ತದೆ. ತಲೆಯ ಮೇಲೆ ಗಡಿಗೆ ಹೊತ್ತ ಹೆಂಗಸರ ಬೋನಾಲು ಹಬ್ಬದ ಮೆರವಣಿಗೆ ನಮ್ಮ ನಾಲ್ಕನೇ ಮಹಡಿಯಿಂದ ಕಂಡ ಹಾಗಿದೆ, ಹೆಂಗಸರೇ ಇಲ್ಲ, ಬರೀ ಗಡಿಗೆ, ಬೇವಿನೆಲೆ, ದೀಪ. ಮಳೆಗಾಲ ಪೂರ್ತಿ ಫ್ಯಾನಿನ ಕೆಳಗೆ ಒಣಗದ ಬಟ್ಟೆ. ಬತುಕಮ್ಮ ಹಬ್ಬದಲ್ಲಿ ಪಕ್ಕದ ಮನೆಯವರು "ರಾ ವದಿನಾ", ಬಾ ಅತ್ತಿಗೆ, ಎಂದು ನಿನ್ನನ್ನು ಎಳೆದುಕೊಂಡು ಹೋದರಲ್ಲ, ಅಂದು ಹೂವಿನ ಸುತ್ತ ಕುಣಿಯುವವರ ಪಾದಗಳನ್ನಷ್ಟೇ ಬಿಡಿಸಿ ನಡುವೆ ನಿಜವಾದ ಹಳದಿ ತಂಗಡಿ ಹೂವು ಅಂಟಿಸಿದ್ದೀ. ಅದು ಉದುರಿ ಹೋಗಿ ಕಂದು ಕಲೆ ಉಳಿದಿದೆ. ಅಪ್ಪ ಒಟ್ಟು ಐವತ್ತೊಂದು ಕಡೆ ಇದ್ದಾರೆ. ಐವತ್ತು ಕಡೆ ಬೆನ್ನು. ಮುಖ ಇರುವುದು ಅವರಿಗೆ ಜ್ವರ ಬಂದು ಮಲಗಿದ್ದ ದಿನ ಮಾತ್ರ.

ಆ ಚಿತ್ರಗಳಲ್ಲಿ, ವ್ಯಂಗ್ಯಚಿತ್ರದಂತೆ, ಬಾಯಿಯ ಪಕ್ಕದ ಗುಳ್ಳೆಗಳೊಳಗಿನ ಮಾತುಗಳು ನನ್ನವು. ಇದು ನಮ್ಮಿಬ್ಬರ ನಡುವಿನ ಗುಪ್ತ ಒಪ್ಪಂದವಾಗಿತ್ತು. ಒಪ್ಪಂದಕ್ಕೆ ಯಾರೂ ಸಹಿ ಹಾಕಿರಲಿಲ್ಲ. ಒಂದು ದಿನ ನೀನು ಚಿತ್ರಿಸಿದ ಪಾರಿವಾಳದ ಬಾಯಿಗೆ ಗುಳ್ಳೆ ಬಿಡಿಸಿ "ಈ ತಿಂಗಳ ಮೆಂಟೆನೆನ್ಸ್ ಯಾರ ಕಟ್ಟೋರು" ಎಂದು ಬರೆದೆ. ನೀನು ಬೈಯಲಿಲ್ಲ. ಮರುದಿನ ತೆಗೆದ ಚಿತ್ರದಲ್ಲಿ ಗುಳ್ಳೆಗೆ ಜಾಗ ಬಿಟ್ಟಿದ್ದೆ. ಹತ್ತು ತಿಂಗಳು ನಾವಿಬ್ಬರೂ ಹಾಗೆಯೇ ಮಾತಾಡಿದೆವು, ಬಾಯಿಬಿಟ್ಟು ಅದರ ಸುದ್ದಿಯನ್ನೇ ಎತ್ತದೆ. ಅಜ್ಜಿ ಸೋಫಾದಲ್ಲಿ ಕುಳಿತು ಮೊಣಕಾಲು ಒತ್ತಿಕೊಳ್ಳುವ ಚಿತ್ರ ನೀನು ಬಲು ಮೆತ್ತಗೆ ತೆಗೆದಿದ್ದೆ, ಬೆರಳ ಗಂಟುಗಳು ಕೂಡ ಕಾಣುತ್ತವೆ. ಅದಕ್ಕೆ ನಾನು ಬರೆದದ್ದು: "ನನ್ನ ಮಗ ಆರಕ್ಕ ಬರತಾನ. ಆರಕ್ಕ ಐದು ನಿಮಿಷ ಇರೂ ಮುಂದ ನನ್ನ ಮೊಣಕಾಲ ನೋವು ಬರತೈತಿ." ಬರೆದು ನಾನೇ ಬಿದ್ದು ಬಿದ್ದು ನಕ್ಕೆ. ನೀನು ನಕ್ಕೆಯೋ ಇಲ್ಲವೋ ನೋಡಲಿಲ್ಲ.

ಡಿಸೆಂಬರ್ ಮೂವತ್ತರ ಎಳ್ಳಮಾಸಿಯ ದಿನದ ಪಂಚನಾಮೆಯನ್ನು ಇದುವರೆಗೆ ಯಾರೂ ಬರೆದಿಲ್ಲ, ಆರೋಪಿಯೇ ಬರೆಯುತ್ತಿದ್ದಾಳೆ. ಊರಿನಲ್ಲಿ ಎಲ್ಲರೂ ಹೊಲಕ್ಕೆ ಹೋಗಿ ಪೈರಿಗೆ ನೈವೇದ್ಯದ ಚರಗ ಚೆಲ್ಲುತ್ತಾರೆ. ಹೊಲವಿಲ್ಲದ ನಾವು ಪ್ರತಿ ವರ್ಷದಂತೆ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಪ್ಲಾಟಿಗೆ ಬುಟ್ಟಿ ಹೊತ್ತು ಹೋಗಿ, ಬಿಲ್ಡರನ ಬೋರ್ಡಿನ ಬುಡದಲ್ಲಿ, ಸಿಮೆಂಟಿನ ತುಂಡುಗಳಿಗೂ ಕಳ್ಳಿಗಿಡಕ್ಕೂ ಭಕ್ತಿಯಿಂದ ಅನ್ನ ಚೆಲ್ಲಿದೆವು. ಬೀದರ ಕಲಬುರಗಿಯ ಆರು ಮನೆಗಳ ಮಂದಿ, ದಿಲ್‌ಸುಖ್‌ನಗರದಿಂದ ಕಮಲಾಕ್ಷಿ ಅತ್ತೆ. ನೀನು ನಸುಕಿನ ನಾಲ್ಕಕ್ಕೆ ಎದ್ದು ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಮಾಡಿದ್ದೆ. ಎಲ್ಲರೂ ಉಂಡು ಒರಗಿದ್ದಾಗ ನಾನು ಸೌಟನ್ನು ಮೈಕಿನಂತೆ ಹಿಡಿದು ಎದ್ದು ನಿಂತೆ. ಶ್ರೀಮತಿ ಸುವರ್ಣಾ ಅಮರೇಶಪ್ಪನವರ ಅಜ್ಞಾತ ಕಲಾಸೇವೆಯ ಲೋಕಾರ್ಪಣೆ ಎಂದು ಘೋಷಿಸಿ, ಚೀಲದಿಂದ ನಿನ್ನ ಡೈರಿ ತೆಗೆದೆ. ನಿನ್ನನ್ನು ಕೇಳಿರಲಿಲ್ಲ. ನಿನಗೆ ಚಪ್ಪಾಳೆ ಬರಲಿ ಎಂದಿತ್ತು, ನನ್ನ ಗುಳ್ಳೆಗಳಿಗೆ ನಗು ಬರಲಿ ಎಂದೂ ಇತ್ತು. ಯಾವುದು ಮೊದಲು ಎಂದು ಕೇಳಬೇಡ.

ನಗು ಬಂತು. ಪಾರಿವಾಳಕ್ಕೆ ಬಂತು, ಮಾವು ಕಡಿಯುವವನಿಗೆ ಬಂತು. ಆಮೇಲೆ ಅತ್ತೆ "ಕೊಡಿಲ್ಲೆ, ನಾನೂ ನೋಡತೀನಿ" ಎಂದು ಕಸಿದುಕೊಂಡು, ತನ್ನ ತವರಿನ ಸುದ್ದಿ ಹುಡುಕಿ ಅಜ್ಜಿಯ ಹಾಳೆಯನ್ನು ಗಟ್ಟಿಯಾಗಿ ಓದಿಬಿಟ್ಟಳು. ಯಾರೋ ಒಬ್ಬರು ನಕ್ಕರು. ನಂತರ ಯಾರೂ ನಗಲಿಲ್ಲ. "ಯಾರ ಬರದದ್ದಿದು" ಎಂದು ಅಪ್ಪ ಕೇಳಿದರು. ನನ್ನ ಕೈಯಲ್ಲಿ ಸೌಟು ಹಾಗೆಯೇ ಇತ್ತು. ನೀನು ರೊಟ್ಟಿಯ ಬಟ್ಟೆ ಮಡಚುತ್ತ, ತಲೆ ಎತ್ತದೆ, "ನಾನ ಬರದೀನ್ರಿ" ಅಂದೆ. "ಇದಕ್ಕೆಲ್ಲಾ ಟೈಮ್ ಎಲ್ಲಿಂದ ಸಿಗತೈತಿ ನಿನಗ? ನನ್ನ ಡಬ್ಬಿಗೆ ಉಪ್ಪಿನಕಾಯಿ ಇಡಾಕ ನೆನಪಿರಂಗಿಲ್ಲ" ಎಂದರು ಅಪ್ಪ, ಆರು ಮನೆಯವರ ಮುಂದೆ. ಅತ್ತೆ ಡೈರಿ ಮುಚ್ಚಿ, "ನಮಗೂ ಇಷ್ಟು ಪುರುಸೊತ್ತು ಇದ್ದಿದ್ರ ನಾವೂ ಏನರೆ ಆಗತಿದ್ವಿ ಬಿಡವಾ" ಎಂದಳು. ಅಜ್ಜಿ "ಕಮಲೀ, ಎಬ್ಬಸ ನನ್ನ" ಎಂದು ಮಗಳ ಕೈ ಹಿಡಿದು ಎದ್ದವಳು, ಆ ಕಲ್ಲು ಸಿಮೆಂಟಿನ ಮೇಲೆ ಮನೆಯವರೆಗೆ ಒಮ್ಮೆಯೂ ಮೊಣಕಾಲು ಮುಟ್ಟಿಕೊಳ್ಳದೆ ನಡೆದಳು. ನೀನು ಪಾತ್ರೆ ತೊಳೆದಿಟ್ಟು, ಮರುದಿನ ಬೆಳಗಿನ ಬಸ್ಸಿಗೆ ಎಂಟು ದಿನ ಇದ್ದು ಬರುತ್ತೇನೆಂದು ಹೋದೆ. ಡಿಸೆಂಬರ್ ಮೂವತ್ತು, ಮೂವತ್ತೊಂದರ ಹಾಳೆಗಳು ಖಾಲಿ ಇವೆ. ಆ ಎಂಟು ದಿನಕ್ಕೆ ಇವತ್ತಿಗೆ ನೂರಾ ಹತ್ತು ದಿನ.

ನಾನು ಯಾವತ್ತೂ ಬಾಯಿ ಮುಚ್ಚದವಳು ಎಂದು ನೀನೇ ಅನ್ನುತ್ತಿದ್ದೆ. ಅವತ್ತು ಮುಚ್ಚಿದ್ದೆ. "ನಾನೇ" ಎಂಬ ಒಂದೇ ಪದ ಬೇಕಿತ್ತು, ಅದನ್ನು ನೀನು ಹೇಳಿಬಿಟ್ಟೆ, ನನಗೆ ಹಗುರವಾಯಿತು. ಹಗುರವಾಯಿತಲ್ಲ, ಅದನ್ನೇ ಈ ನಾಲ್ಕು ತಿಂಗಳು ಹೊತ್ತಿದ್ದೇನೆ. ಫೆಬ್ರುವರಿಯಲ್ಲಿ ಅಜ್ಜಿ ಬಚ್ಚಲಲ್ಲಿ ಕುಸಿದಳು. ಎಕ್ಸ್‌ರೇ ನೋಡಿದ ಡಾಕ್ಟರು, ಎರಡೂ ಮೊಣಕಾಲಿನಲ್ಲಿ ಎಲುಬಿಗೆ ಎಲುಬು ತಿಕ್ಕುತ್ತಿದೆ, ಇಷ್ಟು ವರ್ಷ ಹೇಗೆ ತಡೆದುಕೊಂಡರು ಎಂದು ಕೇಳಿದರು. ಹಗಲೆಲ್ಲ ತಡೆದುಕೊಂಡು ಮಗ ಬಂದಾಗ ಮಾತ್ರ ನರಳುತ್ತಿದ್ದಳಂತೆ. ನಿನ್ನ ಹತ್ತಿರ ಹೇಳಿದರೆ ನಿನಗೆ ಇನ್ನೊಂದು ಕೆಲಸ ಹಚ್ಚಿದಂತಾಗುತ್ತದೆ ಎಂದಲ್ಲ, ಅಷ್ಟು ಒಳ್ಳೆಯವಳು ಎಂದು ನಾನು ಬರೆಯಲಾರೆ. ಸೊಸೆಯ ಮುಂದೆ ಸೋಲಬಾರದು ಎಂದು. ಈಗ ಸಂಜೆ ಎಣ್ಣೆ ಹಚ್ಚುವವಳು ನಾನು. ಒಮ್ಮೊಮ್ಮೆ ಅವಳ ಕಾಲು ನನ್ನ ಮಡಿಲಲ್ಲಿ ಇರುವಾಗ, ನಿನ್ನ ಚಿತ್ರ ಎಷ್ಟು ಸರಿಯಾಗಿತ್ತು, ನನ್ನ ಮಾತು ಎಷ್ಟು ತಪ್ಪಾಗಿತ್ತು ಎಂದುಕೊಳ್ಳುತ್ತ ಇನ್ನೊಂದು ಸಲ ಎಣ್ಣೆ ಹಚ್ಚುತ್ತೇನೆ.

ಈ ವರ್ಷದ ಡೈರಿಯಲ್ಲಿ ನಾನೂ ಶುರು ಮಾಡಿದ್ದೆ. ಜನವರಿ ಎರಡರಂದು ಮೂರು ಸೀಟಿ ಆಗಿ, ಸಕಲ ಸಿದ್ಧತೆಯೊಂದಿಗೆ ಕುಂಚ ಹಿಡಿದೆ. ಮೊದಲ ನಿಮಿಷ ಬೆಲ್ ಆಯಿತು, ಕಸದವನು. ಮೂರನೇ ನಿಮಿಷ ಅಜ್ಜಿಗೆ ಬಿಸಿನೀರು. ಐದನೇ ನಿಮಿಷ ಅಪ್ಪನ ಸಾಕ್ಸು ಕಾಣೆ. ಕುಕ್ಕರ್ ಆರಿತು. ಹಾಳೆಯ ಮೇಲೆ ಒಂದು ನೀಲಿ ಚುಕ್ಕೆ ಇತ್ತು, ಅದಕ್ಕೆ ಆಕಾಶ ಎಂದು ಹೆಸರಿಟ್ಟೆ. ಏಪ್ರಿಲಿನವರೆಗೆ ನನ್ನ ಬಳಿ ಇರುವುದು ಒಂಬತ್ತು ಆಕಾಶ. ಮುನ್ನೂರ ಅರವತ್ತನಾಲ್ಕು ಹಾಳೆ ನೀನು ಎಲ್ಲಿಂದ ಕದ್ದೆ ಅವ್ವ? ನಮ್ಮ ಯಾರ ಕಣ್ಣಿಗೂ ಬೀಳದೆ ಹೇಗೆ ಕದ್ದೆ?

ಮೊನ್ನೆ ಫೋನ್ ಮಾಡಿದಾಗ ದೊಡ್ಡಮ್ಮ ಎತ್ತಿದ್ದಳು. "ಮಾಳಿಗಿ ಮ್ಯಾಲ ಕುಂತು ಚಿತ್ರ ತಗ್ಯಾಕತ್ತಾಳ, ಮುಂಜಾನಿಂದ ಕೆಳಗ ಇಳದಿಲ್ಲ. ಕರೀಲೇನು?" ಅಂದಳು. ಮುಂಜಾನೆಯಿಂದ. ನಾನು ಬೇಡ ಎಂದು ಇಟ್ಟೆ. ನಾನು ಮಾಡಿದ ಕೆಲಸಗಳಲ್ಲಿ ನಿನಗೆ ಉಪಯೋಗವಾದದ್ದು ಬಹುಶಃ ಅದೊಂದೇ.

ಇನ್ನು ಆಜ್ಞೆಯ ಪಾಲನೆ. ಶ್ರೀಯುತ ಅಮರೇಶಪ್ಪನವರು ತಾವು ಮನೆಗೆ ಬಂದುಬಿಡಬೇಕೆಂದು ಕೇಳಿಕೊಂಡಿದ್ದಾರೆ. ಯಾಕೆ ಎಂದು ಬರೆಯಲಿ ಎಂದು ಕೇಳಿದೆ. "ಯಾಕಂದ್ರ? ಮನಿ ಐತೆಲ್ಲ ಇಲ್ಲಿ" ಅಂದರು. ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ಅಪ್ಪ ಹೇಳಿದ ಹಾಗೆ ನಿನಗೆ ನಗು ಬರಿಸಲು ನನಗೆ ಆದದ್ದು ಇಷ್ಟು.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ಬಿಸಿಲಿಗೆ ಮಾಳಿಗೆಯ ಮೇಲೆ ಕೂರುವಾಗ ತಲೆಗೆ ಸೆರಗು ಹಾಕಿಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಬೇರೆಯವರ ನಂತರ ಅಲ್ಲ.

ನಿನ್ನ
ಲಹರಿ

ತಾ.ಕ.: ತಿಪ್ಪೇಸ್ವಾಮಿ ಅಂಕಲ್ ಕೆಳಗೆ ಹಾರ್ನ್ ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಅಪ್ಪ ನಿನ್ನನ್ನು ಕರೆದುಕೊಂಡು ಬರಲು ಬೀದರಿಗೆ ಹೊರಡುತ್ತಾರೆ. ನಿನಗೆ ಹೇಳಬಾರದೆಂದು ನನಗೆ ಕಟ್ಟಪ್ಪಣೆ. ಗುರುವಾರ ಅಜ್ಜಿಯ ಮೊಣಕಾಲಿನ ಆಪರೇಷನ್, ಆರು ವಾರ ಒಬ್ಬರು ಪಕ್ಕದಲ್ಲೇ ಇರಬೇಕಂತೆ. ಅತ್ತೆಗೆ ಪುರುಸೊತ್ತಿಲ್ಲ. ಅಜ್ಜಿ ನಿನ್ನನ್ನೇ ನೆನೆಸುತ್ತಿದ್ದಾಳೆ ಎಂದು ಅಪ್ಪ ಹೇಳುತ್ತಾರೆ, ನಂಬಬೇಡ, ಅವಳು ನಿನ್ನ ಹೆಸರು ಎತ್ತಿಲ್ಲ. ನಿನ್ನೆ ನಾನು ಧೈರ್ಯ ಮಾಡಿ ಅಪ್ಪನಿಗೆ ಹೇಳಿಬಿಟ್ಟೆ, ಆ ಮಾತು ಬರೆದವಳು ಅವ್ವ ಅಲ್ಲ, ನಾನು ಎಂದು. ಅವರು ಟಿ.ವಿ.ಯಿಂದ ಕಣ್ಣು ತೆಗೆಯದೆ "ಗೊತ್ತೈತಿ. ಅವತ್ತ ಗೊತ್ತಿತ್ತು" ಅಂದರು. ಮತ್ತೆ ಅವ್ವನನ್ನು ಯಾಕೆ ಅಂದಿರಿ ಎಂದೆ. "ಮಂದಿ ಮುಂದ ನಿನಗ ಅಂದಿದ್ರ ನೀ ಅಳತಿದ್ದಿ. ಅಕಿ ಅಳಂಗಿಲ್ಲ" ಅಂದರು. ಅಜ್ಜಿಗೆ ಗುರುವಾರದ ಒಳಗೆ ನಾನೇ ಹೇಳುತ್ತೇನೆ, ಆರು ವಾರ ಅವಳ ಪಕ್ಕ ನಾನೇ ಇರುತ್ತೇನೆ. ಪರೀಕ್ಷೆ ಸಪ್ಲಿಮೆಂಟರಿಯಲ್ಲಿ ಬರೆದರೂ ಪರೀಕ್ಷೆಯೇ. ನಿನಗೆ ನಿನ್ನಷ್ಟಕ್ಕೆ ಬರಬೇಕೆನಿಸಿದ ದಿನ ಬಾ, ಅದು ದೀಪಾವಳಿಯಾದರೂ ಆಗಲಿ. ನಾಳೆ ಮಾತ್ರ ಬರಬೇಡ ಅವ್ವ.