ಕಾಲುಚೀಲ ತೊಟ್ಟ ಸೀಸೆಗಳು

ಭಾನುವಾರ, ಇಳಿಹೊತ್ತು

ಪರಮಪೂಜ್ಯ ಅಕ್ಕನವರ ದಿವ್ಯ ಸನ್ನಿಧಾನಕ್ಕೆ ಕೋತಿಯ ಉದ್ದಂಡ ನಮಸ್ಕಾರಗಳು.

ಬಾಣಂತಿಗೆ ನಗು ಒಳ್ಳೆಯದಂತೆ. ಅದಕ್ಕೆ ನಗುವಿನಿಂದಲೇ ಶುರುಮಾಡುತ್ತೇನೆ. ಆದರೆ ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಫೋನ್ ಮಾಡಿದರೆ ಅವಳೇ ಎತ್ತುತ್ತಾಳೆಂದು, ನಿಮ್ಮ ಆಸ್ಪತ್ರೆಗೆ ಡ್ಯೂಟಿಗೆ ಹೊರಟಿರುವ ಎದುರುಮನೆ ನರ್ಸಮ್ಮನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ನಮ್ಮ ಭಾನುವಾರದ ಮಹಾಯಜ್ಞ ನಿನಗೆ ಗೊತ್ತೇ ಇದೆ. ಅಪ್ಪ ತಮ್ಮ ಹೋಟೆಲಿಗೆ ಆರಿಸಬೇಕಾದ ಇಟಲಿಯ ಬಿಳಿ ವೈನುಗಳ ಸೀಸೆಗೆ ನಾನು ಹೆಸರು ಕಾಣದಂತೆ ಅವರ ಹಳೇ ಕಾಲುಚೀಲ ತೊಡಿಸಿ ಮೇಜಿನ ಮೇಲಿಡುವುದು, ಅವರು ತಾವೇ ಬಗ್ಗಿಸಿಕೊಂಡು, ಮೂಸಿ, ಗುಟುಕರಿಸಿ, ಹೆಸರು ಹೇಳುವುದು. ಕಾಲುಚೀಲ ಒಗೆದದ್ದೇ, ನಿನ್ನಾಣೆ. ನನಗೂ ಪ್ರಸಾದ ಸಿಕ್ಕಿತು. ಗಾವಿ ಎಂಬ ವೈನಿನಲ್ಲಿ ನಿಂಬೆಸಿಪ್ಪೆ, ಒದ್ದೆ ಕಲ್ಲು. ವೆರ್ಮೆಂತಿನೊ ಎಂಬುದರಲ್ಲಿ ಕಡಲ ಗಾಳಿಯ ಉಪ್ಪು. ಜೀವ ತಣ್ಣಗಾಯಿತು ಕಣೆ.

ಆಮೇಲೆ ಲೋಕಕಲ್ಯಾಣಾರ್ಥವಾಗಿ ಒಂದು ತರಲೆ ಮಾಡಿದೆ. ಅಪ್ಪನ ಕೊನೆಯ ಗ್ಲಾಸಿನ ಒಳಗೆಲ್ಲ ಬೆಳ್ಳುಳ್ಳಿ ತಿಕ್ಕಿಟ್ಟೆ. ಮೇಜಿನಾಚೆ ಕೂತ ನನಗೇ ಘಾಟು ಬಡಿಯುತ್ತಿತ್ತು. ಅವರು ವೈನು ಬಗ್ಗಿಸಿ, ಗ್ಲಾಸು ತಿರುಗಿಸಿ, ಮೂಗನ್ನು ಪೂರ್ತಿ ಒಳಗಿಳಿಸಿ ಕಣ್ಣು ಮುಚ್ಚಿದರು. ನಾನು ತುಟಿ ಕಚ್ಚಿಕೊಂಡು ಕಾದೆ.

“ಬಿಳಿ ಹೂವು... ಪೇರ್ ಹಣ್ಣು... ಕೊನೇಲಿ ಕಹಿ ಬಾದಾಮಿ. ವೆರ್ದಿಕ್ಕಿಯೊ! ಏನೇ ಕೋತಿ, ಸರೀನಾ?”

ಸರಿಯೇ. ಆದರೆ ಬೆಳ್ಳುಳ್ಳಿಯ ಸುದ್ದಿಯೇ ಇಲ್ಲ. ಆ ಸೀಸೆ ಉಳಿದವುಗಳಂತಲ್ಲ, ಹೂಜಿಯ ಹಾಗೆ ನಡು ಸಣ್ಣಗಿರುವಂಥದ್ದು. ಬಗ್ಗಿಸುವಾಗ ಅಪ್ಪನ ಹೆಬ್ಬೆರಳು ಕಾಲುಚೀಲದ ಮೇಲಿಂದ ಆ ಸೊಂಟವನ್ನು ಮೆಲ್ಲಗೆ ಸವರಿತ್ತು.

“ಇನ್ನೊಂದ್ಸಲ ಮೂಸಿ ನೋಡಪ್ಪ” ಅಂದೆ.

“ಎಷ್ಟು ಸಲ ನೋಡಿದ್ರೂ ಅದೇ ಕಣೆ. ನಿಮ್ಮಪ್ಪನ ಮೂಗು ಇದು, ತಮಾಷೇನಾ?” ನಕ್ಕರು. ನಗುವಾಗ ನನ್ನ ಮುಖ ನೋಡಲಿಲ್ಲ.

ಮೊನ್ನೆ ಒಡೆದ ಹಾಲಿನ ಕಾಫಿಯನ್ನು ಚಪ್ಪರಿಸಿ ಕುಡಿದಿದ್ದರು. ಇಸ್ತ್ರಿಪೆಟ್ಟಿಗೆಯಡಿ ಅಂಗಿ ಸೀದು ಮನೆಯೆಲ್ಲ ಕಮಟು ತುಂಬಿದರೂ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಮರೆವೆಂದುಕೊಂಡು ಗೇಲಿ ಮಾಡಿದ್ದೆ. ಹೋದ ತಿಂಗಳು ಮಲಗಿಸಿದ್ದ ಆ ಜ್ವರ ಬಿಟ್ಟಾಗಿನಿಂದ ಅಪ್ಪನಿಗೆ ವಾಸನೆಯೇ ಇಲ್ಲ ಅಕ್ಕ.

ನಾಳೆ ಹೋಟೆಲಿನ ಹೊಸ ಮ್ಯಾನೇಜರ್ ಎದುರು ಅವರು ವೈನು ಗುರುತಿಸಬೇಕು. ಬಗ್ಗಿಸುವವರು ಬೇರೆ. ಅಪ್ಪನ ಕೈಗೆ ಸಿಗುವುದು ಬರೀ ಗ್ಲಾಸು. ಹೋಗಬೇಡ ಎಂದು ನಾನಂದರೆ ಇನ್ನೊಂದು ತರಲೆ ಅನ್ನುತ್ತಾರೆ. ತೋಳ ಬಂತು ತೋಳ ಎಂದು ಕೂಗಿ ಕೂಗಿ ನನ್ನ ಗಂಟಲಿಗೆ ಬೆಲೆಯೇ ಉಳಿದಿಲ್ಲ. ನೀನಾದರೂ ಹೇಳು. ನಿನ್ನ ಮಾತು ಕೇಳುತ್ತಾರೆ.

ಕಂದನ ಕೆನ್ನೆಗೊಂದು ಮುತ್ತು.

ಇಂತಿ ನಿನ್ನ ಅಪರಾಧಿ ತಂಗಿ,
ಕೋತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗ್ಯಾಸಿನ ವಾಸನೆ ಬಂತು. ಓಡಿದೆ. ಒಲೆಯ ತಿರುಪು ತೆರೆದಿತ್ತು. ಅಪ್ಪ ಪಕ್ಕದಲ್ಲೇ ನಿಂತು, ಹಾಡು ಗುನುಗುತ್ತಾ ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಅವರನ್ನು ಗೋಳಾಡಿಸಲೆಂದು ಬೆಳಿಗ್ಗೆಯೇ ನಾನದನ್ನು ಕದ್ದು ಜೇಬಿಗಿಟ್ಟಿದ್ದೆ. ತಿರುಪು ಮುಚ್ಚಿ, ಕಿಟಕಿ ತೆಗೆದು, ಗ್ಯಾಸು ಗ್ಯಾಸು ಎಂದು ಕಿರುಚಿದೆ. “ನನ್ನ ಮೂಗಿಗೆ ಸಿಗದ್ದು ನಿನ್ನ ಮೂಗಿಗೆ ಸಿಕ್ತಾ? ಪೊಟ್ಟಣ ಬಚ್ಚಿಟ್ಟಿದೀಯ ಅಲ್ವಾ ಕಳ್ಳಿ? ಇರು, ಹೊಸದು ತರ್ತೀನಿ. ಯಾರು ಗೆಲ್ತಾರೆ ನೋಡೇಬಿಡೋಣ” ಎಂದು ನಗುತ್ತಾ, ಈಗಷ್ಟೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು.