ಅಪ್ಪನ ದವಡೆಯ ಕೆಳಗಿನ ಗೆರೆ

ಪೆರಿಯನಾಯಕನಪಾಳ್ಯಂ
12-2-2025, ಬುಧವಾರ
ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಅಕ್ಕಾ,

ನೀನು, ಭಾವ, ಅಭಿನಯಾ ಹೇಗಿದ್ದೀರಿ? ಮಗುವಿನ ಕೆಮ್ಮು ಇಳಿಯಿತೇ? ಮಗ್ಗದ ಗುಂಡಿಯಲ್ಲಿ ಕೂತು ಕೂತು ನಿನ್ನ ಸೊಂಟ ಹಿಡಿಯುತ್ತದೆ ಎಂದಿದ್ದೆ, ಈಗ ಹೇಗಿದೆ? ನಾನು ಕ್ಷೇಮ. ಅಮ್ಮನ ಹದಿನಾರನೆಯ ದಿನದ ಕರ್ಮ ಹನ್ನೊಂದು ಗಂಟೆಗೆ ಮುಗಿಯಿತು. ಊಟಕ್ಕೆ ಎಲೆ ಹಾಕುವಾಗ ಪಕ್ಕದ ಮನೆಯ ಜಾನಕಿಯಮ್ಮ ನಿನ್ನ ಹೆಸರಿಗೂ ಒಂದು ಎಲೆ ಹಾಕಿಸಿದರು. "ಬಂದರೂ ಬರ್ತಾಳೆ ಡಾ, ಅವಳ ಕೋಪಕ್ಕೇನು ಟೈಮ್ ಟೇಬಲ್ ಇದ್ಯಾ" ಅಂದರು. ಕೊನೆಗೆ ಆ ಎಲೆಯ ಮುಂದೆ ಕೂತು ಉಂಡವರು ಯಾರೂ ಇಲ್ಲ. ನಾನು ದಿನಾ ಡೈರಿಯಲ್ಲಿ ನಾಲ್ಕು ಸಾಲು ಬರೆಯುವುದು ನಿನಗೆ ಗೊತ್ತು. ಇವತ್ತಿನದು, "ಕರ್ಮ ಮುಗಿಯಿತು. ಬಿಸಿಲು." ಅಷ್ಟು ಬರೆದು ಮುಚ್ಚಿದೆ. ಉಳಿದದ್ದನ್ನು ನಿನಗೆ ಬರೆಯದೆ ಬೇರೆ ದಾರಿಯಿಲ್ಲ. ನೀನು ಫೋನ್ ಎತ್ತುತ್ತಿಲ್ಲ. ತಾತ ಹಲಗೆಯ ಮೇಲೆ ಕಲಿಸಿದ ಕನ್ನಡ, ಎಂಟನೇ ಕ್ಲಾಸಿನ ತಲೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಬೆಳಿಗ್ಗೆ ಕ್ಷೌರದ ಸೆಲ್ಲಪ್ಪನ್ ಬಂದು ನನ್ನ ತಲೆಗೂದಲು, ಮೀಸೆ ಎರಡನ್ನೂ ತೆಗೆದ. ಆಮೇಲೆ ಅಪ್ಪನ ಸರದಿ. ಹದಿನಾರು ದಿನದ ಗಡ್ಡ, ಎಲ್ಲಾ ಬಿಳಿ. ಸೆಲ್ಲಪ್ಪನ್ ಹೊಸ ಬ್ಲೇಡು ಬಿಚ್ಚಿದರೆ ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡುಬಿಟ್ಟರು. "ಅವನ ಕೈ ಬೇಡ. ಒಳಗೆ ತಾತನ ಕತ್ತಿ ಇದೆ. ನೀ ಮಾಡು ಸಾಮಿ" ಅಂದರು. ಸೆಲ್ಲಪ್ಪನ್‌ಗೆ ಬೇಜಾರಾಗಿರಬೇಕು, ಆದರೂ ನಗಿಸಿಯೇ ಹೋದ. "ತಿರುಪ್ಪೂರಿನ ಬನಿಯನ್ ಕಂಪೆನಿ ಕೈ ಅಣ್ಣಾ ಇದು. ಮೊದಲು ಕಿವಿ ಎರಡೂ ಇದೆಯಾ ನೋಡಿ ಇಟ್ಕೊಳ್ಳಿ, ಆಮೇಲೆ ಜಗಳ ಬೇಡ" ಎಂದು ತಮಿಳಿನಲ್ಲಿ ಹೇಳಿ ಪೆಟ್ಟಿಗೆ ಎತ್ತಿಕೊಂಡ.

ತಾತನ ಕತ್ತಿ ನಿನಗೆ ನೆನಪಿರಬೇಕು. ಕೊಂಬಿನ ಹಿಡಿ, ಮಡಚುವ ಅಲಗು, ಒಳಕೋಣೆಯಲ್ಲಿ ಮಗ್ಗದ ಕಂಬಕ್ಕೆ ಸಿಕ್ಕಿಸಿರುತ್ತಿತ್ತು. ಗುರುವಾರ ಅಪ್ಪನ ಗಡ್ಡಕ್ಕೂ ಅದೇ, ಸೀರೆ ಮುಗಿದಾಗ ಮಗ್ಗದಿಂದ ಕೊಯ್ಯುವುದಕ್ಕೂ ಅದೇ. ಸೀರೆ ಕೊಯ್ಯುವ ಕೆಲಸ ನನಗೆ ಹನ್ನೆರಡು ವಯಸ್ಸಿಗೆ ಬಂತು. ಎಡಗೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿ, ಅಲಗನ್ನು ಈ ಅಂಚಿನಿಂದ ಆ ಅಂಚಿಗೆ ಪಕ್ಕಕ್ಕೆ ಒಂದೇ ಸಲ ಎಳಿ, ನಡುವೆ ನಿಲ್ಲಿಸಬೇಡ. ಹದಿನಾರು ವರ್ಷದ ಹಿಂದೆ ತಿರುಪ್ಪೂರಿಗೆ ಹೋಗುವವರೆಗೂ ನಾನೇ ಕೊಯ್ದೆ. ಆದರೆ ಆ ಕತ್ತಿಯನ್ನು ಯಾರ ಮುಖಕ್ಕೂ ಇಟ್ಟವನಲ್ಲ. ನನ್ನ ಮುಖಕ್ಕೆ ಅಂಗಡಿಯ ಹತ್ತು ರೂಪಾಯಿಯ ರೇಜರ್ ಸಾಕಾಗಿತ್ತು.

ಊಟವಾಗಿ ನೆಂಟರು ಹೊರಟ ಮೇಲೆ ಹಿತ್ತಲಲ್ಲಿ ಅಪ್ಪನನ್ನು ಮುಕ್ಕಾಲಿಯ ಮೇಲೆ ಕೂರಿಸಿದೆ. ಚರ್ಮದ ಪಟ್ಟಿಯ ಮೇಲೆ ಕತ್ತಿ ಹದ ಮಾಡಿ ಅವರ ಕೈಗೆ ಕೊಟ್ಟು, ಹರಿತ ಸಾಕಾ ನೋಡಿ ಅಂದೆ. ಅವರು ಬಲಗೈಯ ಹೆಬ್ಬೆರಳನ್ನು ಅಲಗಿನ ಮೇಲೆ ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. ರಕ್ತ ಬಂತು ಅಕ್ಕಾ. ಹೆಬ್ಬೆರಳಿನಿಂದ ಮೊಣಕೈಗೆ ಇಳಿಯುತ್ತಿದ್ದರೂ ಅವರು ನನ್ನ ಮುಖವನ್ನೇ ನೋಡುತ್ತಾ, "ಇನ್ನೂ ಸ್ವಲ್ಪ ತೀಡಬೇಕಾ?" ಅಂತ ಕೇಳುತ್ತಿದ್ದರು. ನಾನು ಕೂಗಿದೆ. ಆಗ ಬಗ್ಗಿ ನೋಡಿಕೊಂಡರು, ಬೇರೆ ಯಾರದೋ ಕೈ ನೋಡುವ ಹಾಗೆ.

ಆ ಬೆರಳಿಗೂ ಪಕ್ಕದ ಬೆರಳಿಗೂ ಸ್ಪರ್ಶವೇ ತಿಳಿಯುವುದಿಲ್ಲವಂತೆ. ಲೋಟ ಹಿಡಿಯುತ್ತಾರೆ, ಅನ್ನ ಕಲಸುತ್ತಾರೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಭಾನುವಾರ ಬಂದು ಸಂಜೆ ಬಸ್ಸಿಗೆ ಹೋಗುವ ನನಗೆ ಹೇಗೆ ಗೊತ್ತಾಗಬೇಕು? ಯಾವಾಗಿನಿಂದ ಅಂದೆ. "ಈ ಪೊಂಗಲ್ಲಿಗೆ ಹದಿನಾಲ್ಕು ವರ್ಷ" ಅಂದರು. ಹಾಗಾದರೆ ಗುರುವಾರದ ಗಡ್ಡ ಅಂದೆ. "ನಿಮ್ಮಮ್ಮ" ಅಂದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಹದಿನಾಲ್ಕು ವರ್ಷ ಆ ಒಳಕೋಣೆಯ ಬಾಗಿಲು ಹಾಕಿಕೊಂಡು ಅಮ್ಮ ಅಪ್ಪನ ಮುಖಕ್ಷೌರ ಮಾಡಿದ್ದಾಳೆ. ನಮಗಿಬ್ಬರಿಗೂ ಒಂದು ಮಾತೂ ಹೇಳಿಲ್ಲ.

ಬೆರಳಿಗೆ ಬಟ್ಟೆ ಕಟ್ಟಿ ಶುರು ಮಾಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿಕೊಟ್ಟರು. "ಅಲಗು ನಿಲ್ಲಿಸಬೇಡ, ಮಲಗಿಸು. ಕೂದಲು ಇಳಿದ ದಿಕ್ಕಿಗೇ ಇಳಿ. ಉಸಿರು ಬಿಡು ಡಾ, ನೀನು ಸತ್ತರೆ ನನಗೆ ಯಾರು ಅರ್ಧ ಗಡ್ಡ ತೆಗೆಯೋದು?" ಅಮ್ಮ ಹೋದ ಮೇಲೆ ಅವರು ಹೇಳಿದ ಮೊದಲ ತಮಾಷೆ. ಬಲಗೆನ್ನೆ ಚೆನ್ನಾಗಿ ಬಂತು. ಗಂಜಿ ಹಾಕಿದ ಹಾಸಿನ ನೂಲಿನ ಮೇಲೆ ಕುಂಚ ಎಳೆದ ಹಾಗೆ ಸದ್ದು ಬರುತ್ತಿತ್ತು. ಸದ್ದು ಕೇಳಿ ಧೈರ್ಯವಾಯಿತು. ಎಡದವಡೆಯ ಕೆಳಗೆ ಬಂದೆ. ಅಲ್ಲಿ ಚರ್ಮ ಸಡಿಲ. ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿದೆ. ಹಿಡಿದದ್ದೇ ತಡ, ಬಲಗೈ ನನ್ನನ್ನು ಕೇಳಲಿಲ್ಲ. ಸೀರೆ ಕೊಯ್ಯುವ ಹಾಗೆ ಪಕ್ಕಕ್ಕೆ ಎಳೆದುಬಿಟ್ಟಿತು.

ಬಿಳಿ ನೊರೆಯ ಮೇಲೆ ಕೆಂಪು ಎಳೆ ಬಿದ್ದಿತು. ಕತ್ತಿ ನನ್ನ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಕುತ್ತಿಗೆಯ ನರ ಅಲ್ಲೇ ಹತ್ತಿರ ಅಲ್ಲವೇ? ಹದಿನಾರನೆಯ ದಿನ ನಾನು ಅಪ್ಪನನ್ನೂ ಕೊಂದೆ ಅಂದುಕೊಂಡೆ. ಪಟಿಕದ ಕಲ್ಲು ಒತ್ತಿ ಹಿಡಿದೆ. ಗಾಯ ಆಳವಿಲ್ಲ, ಹೆದರಬೇಡ, ರಕ್ತ ಆಗಲೇ ನಿಂತಿದೆ. ಅಪ್ಪ ಮಾತ್ರ ಅಲುಗಲಿಲ್ಲ. "ಪರವಾಗಿಲ್ಲೆ. ಮೊದಲ ವರ್ಷ ಅವಳೂ ಅಲ್ಲೇ ಕೊಯ್ದಳು, ಹಿಂಗೇ" ಅಂದರು. ನೀರಿನಿಂದ ಒರೆಸಿ ನೋಡಿದೆ. ನನ್ನ ಗಾಯದ ಕೆಳಗೆ ಒಂದು ಕಾಳಿನಷ್ಟು ದೂರದಲ್ಲಿ ಹಳೆಯ ಬಿಳಿ ಗೆರೆ ಇತ್ತು. ಅದೇ ಉದ್ದ, ಅದೇ ಓರೆ. ಎಡದಿಂದ ಬಲಕ್ಕೆ, ನಡುವೆ ಎಲ್ಲೂ ನಿಲ್ಲದೆ.

ಉಳಿದ ಗಡ್ಡ ಹೇಗೆ ತೆಗೆದೆನೋ ತಿಳಿಯದು. ಈಗ ಅಪ್ಪ ಜಗಲಿಯ ಮೇಲೆ ಮಲಗಿದ್ದಾರೆ. ಮುಖ ಮಗುವಿನ ಹಾಗೆ ಕಾಣುತ್ತಿದೆ.

ಅಕ್ಕಾ, ಅಮ್ಮ ಹೋದ ದಿನ ನೀನು ಬೀದಿಯಲ್ಲೇ ನಿಂತು, ಒಳಗೆ ಬಂದು ಅವಳ ಕಾಲು ಮುಟ್ಟದೆ ಹಿಂದಿರುಗಿದೆ. ಕಾರಣ ನನಗೆ ಗೊತ್ತು. ನಿನ್ನ ಮದುವೆಗೆ ಮುಂಚಿನ ಎರಡು ತಿಂಗಳು ಅಮ್ಮ ನಿನ್ನ ಜೊತೆ ಒಂದು ದಿನವೂ ಅಂಗಡಿಗೆ ಬರಲಿಲ್ಲ. ನೀನು ಮಿಲ್ಲಿನಿಂದ ಬಂದಾಗ ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲ. ಮುಹೂರ್ತದ ಹೊತ್ತಿಗೂ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. "ಅಪ್ಪ ಕಣ್ಣು ಸವೆಸಿ ನನಗೆ ಸೀರೆ ನೇಯ್ದರು, ನೀನು ಏನು ಮಾಡ್ದೆ?" ಅಂತ ಎಲ್ಲರೆದುರು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಹನ್ನೆರಡು ವರ್ಷ ನೀವಿಬ್ಬರೂ ಮಾತಾಡಲಿಲ್ಲ. ನಾನೂ ನಿನ್ನ ಕಡೆಯೇ ಇದ್ದೆ, ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅಭಿನಯಾಳ ತಲೆ ಸವರಿ ಮಾವ ಕೇಳಿದ ಅನ್ನು. ಅಪ್ಪ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾರೆ. ಸೊಂಟಕ್ಕೆ ಬಿಸಿನೀರು ಹಾಕಿಕೋ.

ನಿನ್ನ ತಮ್ಮ,
ಇಳಂಗೋ

ಬರೆಯಬೇಕಾದದ್ದನ್ನು ಬರೆಯದೆ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಕತ್ತಿಯನ್ನು ಹಾಗೆ ಪಕ್ಕಕ್ಕೆ ಎಳೆಯುವುದು ಮಗ್ಗದಿಂದ ಬಟ್ಟೆ ಕೊಯ್ದು ಪಳಗಿದ ಕೈ ಮಾತ್ರ. ಅಮ್ಮ ಕದಿರಿಗೆ ನೂಲು ಸುತ್ತುವವಳು, ಅವಳ ಕೈಗೆ ಆ ಅಭ್ಯಾಸ ಎಲ್ಲಿಂದ ಬಂತು? ಅಪ್ಪ ಜಗಲಿಯ ಮೇಲೆ ಮಲಗುವ ಮುಂಚೆ ಕೇಳಿದ್ದೆ. "ನೇಯ್ದವಳು ಕೊಯ್ಯದೆ ಇನ್ಯಾರು ಕೊಯ್ತಾರೆ?" ಅಂದರು. ತೆನ್ಮೊಳಿ ಅಕ್ಕನ ಮದುವೆ ಸೀರೆ? ಅಂದೆ. "ಅದೂ ಅವಳೇ. ನಾನು ಪಕ್ಕದಲ್ಲಿ ಕೂತು ಎಳೆ ಎಣಿಸಿ ಹೇಳ್ತಿದ್ದೆ. ನನ್ನ ಕೈ ಹೋಯ್ತು ಅಂತ ಗೊತ್ತಾದರೆ ಒಳ್ಳೆ ಕೆಲಸ ಯಾರೂ ಕೊಡಲ್ಲ, ಬಾಗಿಲು ಹಾಕು ಅಂದವನು ನಾನು. ಮಗಳು ಬೈದ ದಿನವೂ ನಾನು ಬಾಯಿ ಬಿಡಲಿಲ್ಲೆ ಸಾಮಿ." ಇಷ್ಟು ಹೇಳಿ ಗೋಡೆ ಕಡೆ ತಿರುಗಿದರು. ಅಪ್ಪನ ಮೇಲೆ ಕೋಪ ಮಾಡಿಕೊಳ್ಳಲು ಹೋದರೆ ಆ ದವಡೆ ಕಾಣುತ್ತದೆ.

ಒಳಕೋಣೆಯ ಮಗ್ಗದ ಮೇಲೆ ಅಮ್ಮ ನೇಯುತ್ತಿದ್ದ ಸೀರೆ ಇದೆ, ಇನ್ನು ಒಂದು ಮೊಳ ಬಾಕಿ. ಇವತ್ತೇ ಕೊಯ್ದು ಅರ್ಧಕ್ಕೆ ಇಳಿಸಬೇಕೆಂದಿದ್ದೆ. ಕತ್ತಿ ತೊಳೆದು ಕಂಬಕ್ಕೆ ಸಿಕ್ಕಿಸಿದ್ದೇನೆ, ಕೊಯ್ದಿಲ್ಲ. ನಿನ್ನ ಅತ್ತೆಯ ಮನೆಯ ಮಗ್ಗದಲ್ಲಿ ಹತ್ತು ವರ್ಷ ಕೂತವಳು ನೀನು, ಈ ಮನೆಯಲ್ಲಿ ಅದನ್ನು ಮುಗಿಸುವ ಕೈ ಬೇರೆ ಇಲ್ಲ. ರೇಷ್ಮೆ ನೂಲು ತರಲು ನಿಮ್ಮ ಕೊಳ್ಳೇಗಾಲಕ್ಕೆ ಬರುವ ಮಯಿಲ್‌ಸಾಮಿಯ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನಾಳೆ ಗುರುವಾರ ಸಂಜೆ ನಾಲ್ಕಕ್ಕೆ ಅವನ ವ್ಯಾನು ನಿಮ್ಮ ಬಸ್ ಸ್ಟ್ಯಾಂಡಿನ ಮುಂದಿನಿಂದ ಹಿಂದಿರುಗುತ್ತದೆ, ಮುಂದಿನ ಸೀಟಿನಲ್ಲಿ ಒಬ್ಬರಿಗೂ ಒಂದು ಮಗುವಿಗೂ ಜಾಗ ಇದೆ.