ಟಿಟ್ಟಿಭದಲ್ಲಿ ಮಲಗಲು ಜಾಗವಿರಲಿಲ್ಲ

ಮಾನ್ಯ ವಿಚಾರಣಾಧಿಕಾರಿಗಳೇ,

ನನ್ನ ತಮ್ಮ ಸುಶಾಂತನ ಸೊಂಟದ ಕೆಳಗಿನ ಸ್ವಾಧೀನ ಹೋದದ್ದಕ್ಕೆ ಹವಾಲ್ದಾರ ಗುರುಶಾಂತನೇ ಕಾರಣ ಎಂದು ತೀರ್ಮಾನಿಸಿ ಅವನನ್ನು ಕೆಲಸದಿಂದ ತೆಗೆದಿದ್ದೀರಿ. ಗಾಯಾಳುವನ್ನು ಮಲಗಿಸದೆ ಕೂರಿಸಿ ಕರೆತಂದದ್ದು ಅವನ ಅಪರಾಧವಂತೆ. ಅದೇ ಆದೇಶದಲ್ಲಿ, ‘ಟಿಟ್ಟಿಭ’ ಹೆಲಿಕಾಪ್ಟರಿನ ವಿನ್ಯಾಸದಲ್ಲಿ ಯಾವ ಲೋಪವೂ ಇಲ್ಲ ಎಂದೂ ಬರೆದಿದ್ದೀರಿ. ಈ ಎರಡನೆಯ ಮಾತು ನಿಜ. ಅದಕ್ಕೇ ಈ ಪತ್ರ.

ಟಿಟ್ಟಿಭ ಒಳ್ಳೆಯ ಯಂತ್ರ. ಸುಶಾಂತ ಅದರ ರಿಪೇರಿ ತಂಡದಲ್ಲಿದ್ದವನು. ರಜೆಗೆ ಹೈದರಾಬಾದಿನ ಹಿಮಾಯತ್‌ನಗರದ ಮನೆಗೆ ಬಂದರೆ ಊಟಕ್ಕೆ ಕೂತಲ್ಲೇ ಅದರ ವರ್ಣನೆ. ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಾನು ಅಲ್ಲಿದ್ದ ನಮ್ಮ ಕಂಪನಿಯ ಲಿಫ್ಟಿನ ಬಗ್ಗೆ ಹೇಳಿದರೆ, ಅವನು ದೂಳು, ಹಿಮ, ಕಲ್ಲುನೆಲ ಯಾವುದಕ್ಕೂ ಜಗ್ಗದ ಟಿಟ್ಟಿಭದ ದಪ್ಪ ಕಾಲುಗಳ ಬಗ್ಗೆ ಹೇಳುತ್ತಿದ್ದ. ಎರಡೂ ಬದಿಗೆ ಅಗಲವಾಗಿ ಸರಿಯುವ ಬಾಗಿಲು. ಬೆಳಿಗ್ಗೆ ಅಕ್ಕಿಮೂಟೆ, ಮಧ್ಯಾಹ್ನ ಸೈನಿಕರು, ಸಂಜೆ ಗಾಯಾಳುಗಳು. ಗೋಡೆಗೆ ಕೂರಿಸಿದ ಚೌಕಟ್ಟಿನಲ್ಲಿ ಸ್ಟ್ರೆಚರುಗಳನ್ನು ಒಂದರ ಮೇಲೊಂದು ಸಿಕ್ಕಿಸಬಹುದಿತ್ತು. “ನಿನ್ನ ಮಂಚಕ್ಕಿಂತ ಗಟ್ಟಿ ಅದ ಅವ್ವಾ” ಎಂದು ನಮ್ಮ ತಾಯಿ ಸುಂದರಾಬಾಯಿಯನ್ನು ನಗಿಸಿದ್ದ.

ಆ ಚೌಕಟ್ಟು ಎಲ್ಲಿ ಹೋಯಿತು, ಮಾನ್ಯರೇ? ಸುಶಾಂತನಿದ್ದ ಗಡಿಠಾಣೆ ನೋಡಲು ದೊಡ್ಡವರು ಬರುತ್ತಾರೆಂದು ಅದನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿದರು. ಅದರ ಜಾಗಕ್ಕೆ ಮೆತ್ತನೆಯ ಕುರ್ಚಿಗಳು ಬಂದವು, ಕೆಳಗೆ ಜಮಖಾನೆ. ದೊಡ್ಡವರು ಬಂದು ಹೋದರು. ಇನ್ಯಾರಾದರೂ ದೊಡ್ಡವರು ಬಂದಾರೆಂದು ಕುರ್ಚಿಗಳು ಅಲ್ಲೇ ಉಳಿದವು.

ಅಷ್ಟರಲ್ಲಿ ಠಾಣೆಯ ಇಳಿಜಾರಿನಲ್ಲಿ ಸೀಮೆಎಣ್ಣೆಯ ಪೀಪಾಯಿ ಉರುಳಿ ಸುಶಾಂತನ ಬೆನ್ನಿಗೆ ಬಡಿಯಿತು. ಟಿಟ್ಟಿಭ ಹೊತ್ತಿಗೆ ಸರಿಯಾಗಿ ಬಂತು. ಮುಂದಿನದನ್ನು ಯಾದಗಿರಿ ಕಡೆಯ ಗುರುಶಾಂತನೇ ನಮ್ಮ ಮನೆಗೆ ಬಂದು ಹೇಳಿದ. ಕುರ್ಚಿಗಳ ನಡುವೆ ಮನುಷ್ಯ ಮಲಗುವಷ್ಟು ನೆಲವಿರಲಿಲ್ಲ. ಬೋಲ್ಟು ಬಿಚ್ಚುತ್ತ ಕೂತರೆ ಮಂಜು ಕವಿಯುತ್ತದೆ, ಆಮೇಲೆ ನಾಳೆಯವರೆಗೆ ಹಾರುವಂತಿಲ್ಲ ಎಂದು ಪೈಲಟ್ ಹೇಳಿದರಂತೆ. ಸುಶಾಂತನ ಬಾಯಲ್ಲಿ ರಕ್ತ ಬರುತ್ತಿತ್ತು. ಗುರುಶಾಂತ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಹಾಕಿ, ದಾರಿಯುದ್ದಕ್ಕೂ ತಬ್ಬಿ ಹಿಡಿದಿದ್ದ. ಮಲಗಿಸಿ ತಂದಿದ್ದರೆ ಮುಂದೆ ನಡೆಯುತ್ತಿದ್ದನೇನೋ ಎಂದು ಆಸ್ಪತ್ರೆಯಲ್ಲಿ ಹೇಳಿದರು.

“ಅಕ್ಕಾರ, ಅಲ್ಲೇ ಬಿಟ್ಟು ಬಂದಿದ್ರ ಜೀವಾನ ಉಳೀತಿರಲಿಲ್ರಿ. ಕುಂದ್ರಿಸಿದಾಂವ ನಾನ. ಇಲ್ಲ ಅನ್ನಂಗಿಲ್ಲ” ಎಂದ ಗುರುಶಾಂತ.

ಅವ್ವ ಅವನಿಗೆ ಚಹಾ ಕೊಟ್ಟಳು. ನನಗೆ ಆಗಲೂ ಅಳು ಬರಲಿಲ್ಲ, ಈಗಲೂ ಬರುವುದಿಲ್ಲ. ಬೆಳಿಗ್ಗೆ ತಮ್ಮನನ್ನು ಮಗ್ಗುಲು ಹೊರಳಿಸುತ್ತೇನೆ, ಬೆನ್ನಿಗೆ ಪೌಡರ್ ಹಾಕುತ್ತೇನೆ, ಕಂಪನಿಯ ಕ್ಯಾಬ್ ಹತ್ತುತ್ತೇನೆ.

ನಿಮ್ಮ ಆದೇಶದಲ್ಲಿ ಕುರ್ಚಿ ಎಂಬ ಶಬ್ದ ಒಮ್ಮೆಯೂ ಇಲ್ಲ. ಕುರ್ಚಿಯಲ್ಲಿ ಕೂತವರು ಕುರ್ಚಿಯ ತಪ್ಪನ್ನು ಹೇಗೆ ಬರೆದಾರು? ಆ ಆದೇಶವನ್ನು ಓದಿ ಹೇಳಿದಾಗ ಸುಶಾಂತ ಕಾಗದ ಇಸಿದುಕೊಂಡು ತಾನೇ ಮತ್ತೊಮ್ಮೆ ಓದಿದ. ಆಮೇಲೆ, “ಅವನ ನೌಕರಿ ಕಸಗೋಬಾರದಿತ್ತಕ್ಕಾ. ನನ್ನ ಮನೀತನಕಾ ಮುಟ್ಟಿಸಿದಾಂವ ಅವನ” ಎಂದ.

ಆದ್ದರಿಂದ ಗುರುಶಾಂತನ ಮೇಲಿನ ಆರೋಪವನ್ನು ರದ್ದುಪಡಿಸಿ ಮರಳಿ ಕೆಲಸಕ್ಕೆ ಕರೆಯಿರಿ. ಕುರ್ಚಿಗಳನ್ನು ಕಿತ್ತು ಚೌಕಟ್ಟನ್ನು ಮತ್ತೆ ಕೂರಿಸಿ. ಯಾರು ಬಂದರೂ ಅದನ್ನು ಬಿಚ್ಚಕೂಡದೆಂದು ಬರೆದು ಕೊಡಿ. ದೊಡ್ಡವರು ಸೈನಿಕರು ಕೂರುವಲ್ಲೇ ಕೂರಲಿ. ಅವರ ಬೆನ್ನಿಗೆ ಏನಾದರೂ ಆದರೆ, ಮಲಗಿಸಿ ಕರೆತರಲು ಜಾಗವಿರುತ್ತದೆ.

ಇಂತಿ,
ನಿಮ್ಮ ಯಂತ್ರದ ಬಗ್ಗೆ ಯಾವ ದೂರೂ ಇಲ್ಲದ,
ಮೃಣಾಲಿನಿ
ಹಿಮಾಯತ್‌ನಗರ, ಹೈದರಾಬಾದ್